ಸಹಾಯ ಬೇಕು: ಕಣ್ಣು ಕಾಣದ ಓದುಗರಿಗೆ ಗ್ರಂಥಾಲಯದ ಕಂಪ್ಯೂಟರ್

ಎಲ್ಲರಿಗೂ ನಮಸ್ಕಾರ ರೀ. ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ಕಂಪ್ಯೂಟರ್ ಬಂದಿದೆ. ಪಿಡಿಒ, ಕೆಎಎಸ್ ಅಂತ ಓದುವ ಹುಡುಗರು ಅದನ್ನು ಬಿಡುವುದೇ ಇಲ್ಲ, ಖುಷಿಯ ವಿಷಯ. ಆದರೆ ಊರಲ್ಲಿ ಕಣ್ಣು ಕಾಣದ ಓದುಗರೂ ಇದ್ದಾರೆ, ಅವರಲ್ಲಿ ಒಬ್ಬ ಹುಡುಗಿ ಡಿಗ್ರಿ ಓದುತ್ತಿದ್ದಾಳೆ. ಗ್ರಂಥಾಲಯ ಅವರದ್ದೂ ಅಲ್ವಾ?

ಪರದೆ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಹಾಕಿದ್ದೇನೆ. ದುಡ್ಡು ಕೊಡಬೇಕಿಲ್ಲ, ಅದರ ಜೊತೆಗೇ ಬರುವ, ಬರಹವನ್ನು ಮಾತಾಗಿಸುವ ಇಸ್ಪೀಕ್ ಕನ್ನಡ ಓದುತ್ತದೆ, ದನಿ ಮಾತ್ರ ಬಹಳ ಒರಟು, ಜಾಸ್ತಿ ಹೊತ್ತು ಕೇಳಲು ಆಗುವುದಿಲ್ಲ. ಬರಹ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರ ಕನ್ನಡವಾಗಿಯೇ ಉಳಿಯುವ ವಿಧಾನದಲ್ಲಿ, ಇದ್ದರೆ ತೊಂದರೆ ಇಲ್ಲ. ತೊಡಕು ಇರುವುದು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನ ನೋಟ್ಸ್‌ಗಳಲ್ಲಿ. ಪರದೆ ಮೇಲೆ ಕಾಣುವುದು ಕನ್ನಡ, ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು, ಎನ್‌ವಿಡಿಎ ಅವನ್ನೇ ಓದಿಬಿಡುತ್ತದೆ, ಒಂದು ಪದವೂ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ. ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಹಾಕಿ ಅಕ್ಷರ ತೆಗೆದರೆ ಹಳೇ ಮುದ್ರಣದಲ್ಲಿ ಒತ್ತಕ್ಷರ ಕೆಡುತ್ತವೆ.

ನುಡಿ ಫೈಲುಗಳನ್ನು ಒಂದೊಂದೇ ತೆರೆಯದೆ, ಇಡೀ ಫೋಲ್ಡರ್ ಒಟ್ಟಿಗೆ ಯೂನಿಕೋಡ್‌ಗೆ ಬದಲಿಸುವ ದಾರಿ ಯಾರಿಗಾದರೂ ಗೊತ್ತಾ? ಇಂಟರ್ನೆಟ್ ಇಲ್ಲದೆಯೂ ನಡೆಯುವ ಇನ್ನೂ ಚಲೋ ಕನ್ನಡ ದನಿ ಇದ್ದರೆ ಹೇಳಿ, ನಮ್ಮಲ್ಲಿ ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡ ಅಥವಾ ಗದಗ ಕಡೆ ಎನ್‌ವಿಡಿಎ ದಿನಾ ಬಳಸುವವರು ಇದ್ದರೆ, ದಯವಿಟ್ಟು ಒಂದು ದಿನ ಬಂದು ಅದನ್ನು ನಡೆಸುವ ಕೀಬೋರ್ಡ್ ಕೀಲಿಗಳನ್ನು ಕಲಿಸಿಕೊಡಿ. ಕಣ್ಣಿದ್ದ ನಾನು ಕಲಿಸುವುದಕ್ಕಿಂತ ಅವರು ಕಲಿಸಿದರೆ ಆ ಹುಡುಗಿಗೆ ಬೇಗ ಹತ್ತುತ್ತದೆ. ಬಸ್ ಖರ್ಚು, ಊಟ ನಮ್ಮದು.