ಹಳೇ ಮದುವೆ ಡಿವಿಡಿಯಲ್ಲಿ ಮುಖ ಅಗಲ, ಅಮೆರಿಕದ ಡಿವಿಡಿ ಓಡ್ತಾನೇ ಇಲ್ಲ

ನವನಗರ, ಬಾಗಲಕೋಟೆ:
ನಮಸ್ಕಾರ. 2005ರಲ್ಲಿ ಆದ ಅಕ್ಕನ ಮದುವೆಯ ಡಿವಿಡಿ ಇದೆ. ಅಪ್ಪ ಈಗ ಇಲ್ಲ. ಅವರ ಓಡಾಟ, ಮಾತು ಉಳಿದಿರೋದು ಇದೊಂದರಲ್ಲೇ. ಹೋದ ವಾರ 43 ಇಂಚಿನ ಟಿವಿ ತಂದೆವು. ಹಳೇ ಪ್ಲೇಯರನ್ನು ಕೆಂಪು, ಬಿಳಿ, ಹಳದಿ ವೈರಿನಿಂದ ಜೋಡಿಸಿದ್ದೇನೆ. ಹಾಕಿದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣ್ತಾರೆ. "ನಿಮ್ಮಪ್ಪ ಹಿಂಗ ಇದ್ರೇನು?" ಅಂತ ಅವ್ವ ಎದ್ದು ಹೋದಳು.

ಇನ್ನೊಂದು, ಅಕ್ಕ ಅಮೆರಿಕದಿಂದ ತಂದ ಕಾರ್ಟೂನ್ ಡಿವಿಡಿ ಹಾಕಿದರೆ 'ರೀಜನ್ ಎರರ್' ಅಂತ ಬರುತ್ತೆ. ಪ್ಲೇಯರ್ ಕೆಟ್ಟಿದೆಯಾ?

ವಿಜಯಪುರ:
ಪ್ಲೇಯರ್ ಕೆಟ್ಟಿಲ್ಲರೀ. ಡಿಸ್ಕೂ ಚೆನ್ನಾಗಿದೆ. ನಾನು ಹತ್ತು ವರ್ಷ ಮದುವೆ ವಿಡಿಯೋ ಎಡಿಟಿಂಗ್ ಮಾಡಿದವನು. ಆಗ ನಮ್ಮ ಕಡೆ ಶೂಟಿಂಗ್ ಹೆಚ್ಚಾಗಿ 4:3 ಅಳತೆಯಲ್ಲೇ (ಅಗಲ 4 ಪಾಲು, ಎತ್ತರ 3 ಪಾಲು) ಆಗುತ್ತಿತ್ತು, ಡಬ್ಬಾ ಟಿವಿಗೆ ಸರಿಹೋಗುವ ಹಾಗೆ. ನಿಮ್ಮ ಹೊಸ ಟಿವಿ 16:9. ಪರದೆ ತುಂಬಲಿ ಅಂತ ಅದು ಚಿತ್ರವನ್ನು ಅಡ್ಡಕ್ಕೆ ಎಳೆಯುತ್ತಿದೆ. ಮುಖ ಮೂರನೇ ಒಂದು ಪಾಲು ಜಾಸ್ತಿ ಅಗಲ ಆಗುತ್ತೆ.

ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಹುಡುಕಿ 4:3 ಮಾಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತೆ, ಬರಲಿ ಬಿಡಿ. ಅಪ್ಪನ ಮುಖ ಇದ್ದ ಹಾಗೇ ಕಾಣಬೇಕು, ಅಲ್ವಾ?

ನವನಗರ, ಬಾಗಲಕೋಟೆ:
ಝೂಮ್ ಅಂತಲೂ ಇತ್ತು. ಅದರಲ್ಲಿ ಪಟ್ಟಿ ಇಲ್ಲ, ಮುಖವೂ ಸರಿ ಇದೆ. ಆದರೆ ಅಪ್ಪನ ಪಟಗಾ ಕಾಣ್ತಿಲ್ಲ.

ವಿಜಯಪುರ:
ಝೂಮ್ ಬೇಡ. ಮೇಲೆ ಕೆಳಗೆ ಸೇರಿ ಕಾಲು ಭಾಗ ಚಿತ್ರ ಕತ್ತರಿಸಿ ಹೋಗುತ್ತೆ. 4:3 ಇಡಿ. ಅಗಲ ಪರದೆಯ ಸಿನಿಮಾ ಡಿವಿಡಿ ನೋಡುವಾಗ ಮಾತ್ರ ಟಿವಿಯನ್ನು 16:9ಕ್ಕೆ ತಿರುಗಿಸಿ. ಪ್ಲೇಯರಿನ ಸೆಟಪ್‌ನಲ್ಲೂ ಟಿವಿ ಶೇಪ್ 16:9 ಇರಲಿ. ಅಲ್ಲಿ ಲೆಟರ್‌ಬಾಕ್ಸ್ (ಮೇಲೆ ಕೆಳಗೆ ಪಟ್ಟಿ ಹಾಕಿ ತೋರಿಸೋದು) ಅಂತ ಉಳಿದಿದ್ದರೆ ಚಿತ್ರ ಸಣ್ಣದಾಗುತ್ತೆ. ಕೆಲವು ಸಿನಿಮಾ 2.35:1 ಅಳತೆಯವು. ಅವಕ್ಕೆ ಮೇಲೆ ಕೆಳಗೆ ಪಟ್ಟಿ ಇದ್ದೇ ಇರುತ್ತೆ, ಸುಮ್ನೆ ಸೆಟ್ಟಿಂಗ್ ತಿರುವುತ್ತಾ ಕೂರಬೇಡಿ.

ಕಾರ್ಟೂನ್ ಡಿಸ್ಕಿನ ಕವರ್ ಹಿಂದೆ ಭೂಗೋಳದ ಚಿತ್ರದಲ್ಲಿ ಒಂದು ಅಂಕಿ ಇರುತ್ತೆ. ಅದೇ ರೀಜನ್, ಅಂದರೆ ಆ ಡಿಸ್ಕ್ ಯಾವ ಪ್ರದೇಶಕ್ಕೆ ಅಂತ. ಅಮೆರಿಕದ್ದು 1, ನಮ್ಮ ದೇಶದ್ದು 5. ಮಾರಾಟಗಾರರು ಹಾಕಿದ ಬೀಗ ಅದು. ಪ್ಲೇಯರ್ ಎಲ್ಲ ರೀಜನ್ ಓಡಿಸುವಂಥದ್ದಾದರೆ ಮಾತ್ರ ನಡೆಯುತ್ತೆ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ ಸಾಮಾನ್ಯವಾಗಿ ಐದೇ ಸಲ. ಆಮೇಲೆ ಕೊನೆಗೆ ಇಟ್ಟದ್ದೇ ಖಾಯಂ. ಒಂದು ಕಾರ್ಟೂನಿಗಾಗಿ ಅದನ್ನು ಮಾಡಬೇಡಿ. ಅಕ್ಕ ಅಲ್ಲಿ ತಾವೇ ಶೂಟ್ ಮಾಡಿ ಬರೆಸಿದ ಡಿಸ್ಕಿಗೆ ಸಾಮಾನ್ಯವಾಗಿ ಈ ಬೀಗ ಇರಲ್ಲ. ಅದು ಎನ್‌ಟಿಎಸ್‌ಸಿ ಅನ್ನೋ ಅಲ್ಲಿನ ಟಿವಿ ಪದ್ಧತಿಯದ್ದು, ಚಿತ್ರದಲ್ಲಿ 480 ಗೆರೆ. ನಮ್ಮದು ಪಾಲ್, 576 ಗೆರೆ. ಈಗಿನ ಟಿವಿಗಳು ಹೆಚ್ಚಾಗಿ ಎರಡನ್ನೂ ತೋರಿಸುತ್ತವೆ.

ನವನಗರ, ಬಾಗಲಕೋಟೆ:
4:3 ಮಾಡಿದೆ ಅಣ್ಣಾ. ಅವ್ವ ಅಕ್ಷತೆ ಬೀಳೋವರೆಗೂ ಕೂತು ನೋಡಿದಳು, ಆಮೇಲೆ ಮತ್ತೆ ಮೊದಲಿಂದ ಹಾಕಿಸಿದಳು. ಇದರ ಕಾಪಿ ಹೇಗೆ ಮಾಡೋದು?

ವಿಜಯಪುರ:
ಇವತ್ತೇ ಮಾಡಿ. ಬರೆದ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಹಾಳಾಗುತ್ತೆ. ಕಂಪ್ಯೂಟರಿಗೆ ಹಾಕಿ, ವಿಡಿಯೋ_ಟಿಎಸ್ ಅನ್ನೋ ಫೋಲ್ಡರನ್ನು ಪೂರ್ತಿ ಎತ್ತಿಕೊಳ್ಳಿ. ಒಂದು ಪೆನ್‌ಡ್ರೈವಿಗೆ, ಇನ್ನೊಂದು ಹಾರ್ಡ್‌ಡಿಸ್ಕಿಗೆ. ಮೂಲ ಡಿಸ್ಕನ್ನು ಬಿಸಿಲು ಬೀಳದ ಕಡೆ ಡಬ್ಬಿಯಲ್ಲಿ ನಿಲ್ಲಿಸಿಡಿ.