ಅಮೆರಿಕದ ನಾರ್ತ್ ಡಕೋಟಾ: ಹಳಿ ಪಕ್ಕದ ಮರದ ಧಾನ್ಯ ಎಲಿವೇಟರ್‌ಗಳು ಖಾಲಿ ಯಾಕೆ?

ಪ್ರಶ್ನೆ: ರಗ್ಬಿ ಪಟ್ಟಣದ ಸುತ್ತಮುತ್ತ ಹಳಿಯುದ್ದಕ್ಕೂ ಕೆಲವೇ ಮೈಲಿಗೊಂದು ಪುಟ್ಟ ಊರು, ಒಂದೊಂದರಲ್ಲೂ ಗೋಧಿ ಎಲಿವೇಟರ್ (ಧಾನ್ಯ ಮೇಲೆತ್ತಿ ಶೇಖರಿಸಿ ರೈಲಿಗೆ ತುಂಬುವ ಎತ್ತರದ ಕಟ್ಟಡ). ಇಷ್ಟು ಹತ್ತಿರ ಯಾಕೆ ಕಟ್ಟಿದರು? ಈಗ ಎಷ್ಟೋ ಕಡೆ ಬೀಗ ಹಾಕಿದ್ದಾರಲ್ಲ?

ಉತ್ತರ 1: ಕುದುರೆಗಾಡಿಯ ಲೆಕ್ಕ. ರೈತ ಗೋಧಿ ಇಳಿಸಿ ಅದೇ ದಿನ ಮನೆ ಸೇರಬೇಕಿತ್ತು. ಉಗಿ ಎಂಜಿನ್‌ಗೂ ಆಗಾಗ ನೀರು ಬೇಕಿತ್ತು.

ಉತ್ತರ 2: ಬೀಗಕ್ಕೆ ಕಾರಣ ಶಟಲ್ ರೈಲು, ಅಂದರೆ ಒಂದೇ ಕಡೆ ಪೂರ್ತಿ ತುಂಬಿಸಿಕೊಂಡು ನೇರ ಹೋಗುವ ಉದ್ದದ ಧಾನ್ಯದ ರೈಲು. 110 ಹಾಪರ್ ವ್ಯಾಗನ್ (ಮೇಲಿಂದ ತುಂಬಿ ತಳದಿಂದ ಸುರಿಸುವ ಡಬ್ಬಿ), ಒಂದೊಂದರಲ್ಲೂ ಸುಮಾರು 100 ಟನ್ ಧಾನ್ಯ. ಗಂಟೆಗಳ ಲೆಕ್ಕದಲ್ಲಿ ತುಂಬಿ ಕಳಿಸಿದರೇ ಅಗ್ಗದ ಸಾಗಣೆ ದರ. ರೈಲು ನಿಲ್ಲಿಸಿ ತುಂಬಲು ಸುಮಾರು 2 ಕಿ.ಮೀ. ಸೈಡಿಂಗ್ (ಪಕ್ಕದ ಹಳಿ) ಬೇಕು. ಹಳೇ ಮರದ ಎಲಿವೇಟರ್‌ನ ಬಕೆಟ್ ಬೆಲ್ಟ್ ಧಾನ್ಯ ಮೇಲೆತ್ತುವ ವೇಗ ಇದಕ್ಕೆ ಎಲ್ಲಿ ಸಾಲುತ್ತೆ?

ಉತ್ತರ 3: ಕವಲು ಮಾರ್ಗದ ಹಗುರ ಹಳಿಯನ್ನೂ ಸೇರಿಸಿ. 2,86,000 ಪೌಂಡಿನ ತುಂಬಿದ ವ್ಯಾಗನ್ ಅದರ ಮೇಲೆ ಓಡಿಸುವ ಹಾಗಿಲ್ಲ. ಹಳಿ ಕಿತ್ತ ಮೇಲೆ ಎಲ್ಲ ಲಾರಿಯಲ್ಲೇ.