ಮೌಸಿನ ‘ಸೆನ್ಸಿಟಿವಿಟಿ’ಗೆ ಏನೆನ್ನೋಣ?

ನಮಸ್ಕಾರ.

ಉಡುಪಿಯಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಓದುತ್ತಿರುವ ಅಕ್ಕನ ಮಗ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುವವ. ಅದರ ಹೆಸರಾಂತ ಆಟಗಾರ, ಉಕ್ರೇನಿನ ಒಲೆಕ್ಸಾಂಡರ್ ಕೊಸ್ಟಿಲಿಯೆವ್ (ಆಟದಲ್ಲಿ ಅವನ ಹೆಸರು ‘ಸಿಂಪಲ್’) ಹಲವು ವರ್ಷ ಇಟ್ಟುಕೊಂಡಿದ್ದ ಸೆಟ್ಟಿಂಗುಗಳನ್ನೇ ತಾನೂ ಹಾಕಿ ಒಂದು ವಾರ ಆಡಿ, ಅದರ ವಿಡಿಯೊ ಮಾಡಿದ್ದಾನೆ. ಮೌಸ್ 400 ಡಿಪಿಐ, ಆಟದೊಳಗಿನ ಸೆನ್ಸಿಟಿವಿಟಿ (ಮೌಸ್ ಇಷ್ಟು ಸರಿದರೆ ನೋಟ ಎಷ್ಟು ತಿರುಗಬೇಕು ಎಂಬ ಅಳತೆ) 3.09, ಪರದೆ 1280×960 ಸ್ಟ್ರೆಚ್ಡ್. ಕನ್ನಡದಲ್ಲಿ ಅಡಿಬರಹ ಬರೆದುಕೊಡಿ ಅಂದ. ನಾನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

‘ಸಂವೇದನಾಶೀಲತೆ’ ಎಂದು ಬರೆದೆ. “ಮೌಸ್ ಕವಿತೆ ಬರೀತದಾ ಮಾವ?” ಎಂದು ಕೇಳಿದ. ‘ನಿನ್ನ ಸಂವೇದನಾಶೀಲತೆ ಕಮ್ಮಿ ಮಾಡು’ ಎಂದರೆ ಯಾರಾದರೂ ಜಗಳಕ್ಕೇ ಬಂದಾರು. ಅದನ್ನು ಹೊಡೆದು ‘ಸೂಕ್ಷ್ಮತೆ’ ಹಾಕಿದೆ. ಅದು ಇನ್ನೂ ಕೆಟ್ಟದು. ಸೂಕ್ಷ್ಮತೆ ಹೆಚ್ಚು ಅಂದರೆ ಗುರಿಯೂ ಅಷ್ಟು ನವಿರಾಗಿ ಕೂರುತ್ತದೆ ಎಂದು ಓದುವವನಿಗೆ ಅನಿಸುತ್ತದೆ. ಆಟದಲ್ಲಿ ಆಗುವುದು ತಿರುಗಾಮುರುಗಾ: ಸೆನ್ಸಿಟಿವಿಟಿ ಏರಿಸಿದಷ್ಟೂ ಬೆರಳು ಚೂರು ಅಲುಗಿದರೆ ಸಾಕು, ಪರದೆಯ ನಡುವಿನ ಆ ಗುರಿಯ ‘ಪ್ಲಸ್’ ಎದುರಾಳಿಯ ತಲೆ ದಾಟಿ ಎತ್ತಲೋ ಹೋಗಿರುತ್ತದೆ.

ಡಿಪಿಐ ನನಗೆ ಹಳೆಯ ಪರಿಚಯ. ಮಣಿಪಾಲದ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಡಿಟಿಪಿ ಮಾಡಿದವ ನಾನು. ಫೋಟೊ 300 ಡಿಪಿಐ ಇಲ್ಲದಿದ್ದರೆ ವಾಪಸ್ ಕಳಿಸುತ್ತಿದ್ದೆವು. ಆದ್ದರಿಂದ ಧೈರ್ಯವಾಗಿ ‘ಅಂಗುಲಕ್ಕೆ 400 ಚುಕ್ಕೆ’ ಎಂದು ಬರೆದೆ. ಆದರೆ ಮೌಸಿನಲ್ಲಿ ಚುಕ್ಕೆ ಎಲ್ಲಿಯದು? ಅದು ಒಂದಂಗುಲ ಸರಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆ ಒಪ್ಪಿಸುತ್ತದೆ ಎಂಬುದೇ ಈ ಸಂಖ್ಯೆ. ಸಿಪಿಐ (ಕೌಂಟ್ಸ್ ಪರ್ ಇಂಚ್) ಅನ್ನುವುದೇ ಸರಿ ಎಂದು ಇಂಗ್ಲಿಷಿನಲ್ಲೂ ಕೆಲವರು ಹಟ ಹಿಡಿಯುತ್ತಾರೆ. ಹಾಗಾಗಿ ಚುಕ್ಕೆ ಬಿಟ್ಟು ‘ಅಂಗುಲಕ್ಕೆ 400 ಎಣಿಕೆ’ ಎಂದು ತಿದ್ದಿದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಸೆನ್ಸಿಟಿವಿಟಿ ಏನೆಂದು ತಿಳಿಯಲು ನನ್ನ ಹಳೆಯ ಸ್ಟೀಲ್ ಸ್ಕೇಲನ್ನೇ ಮೇಜಿನ ಮೇಲೆ ಇಟ್ಟೆವು. ಮೊದಲ ಎರಡು ದಿನ ಹುಡುಗ 3.09 ಮಾತ್ರ ನಕಲು ಮಾಡಿದ್ದ, ಅವನ ಮೌಸ್ 800 ಡಿಪಿಐಯಲ್ಲೇ ಉಳಿದಿತ್ತು. ಹಾಗಿಟ್ಟು ಅಳೆದರೆ 17 ಸೆಂ.ಮೀ. ಸರಿಯುವಷ್ಟರಲ್ಲಿ ಆಟದವನು ಪೂರ್ತಿ ಒಂದು ಸುತ್ತು ತಿರುಗಿದ. 400ಕ್ಕೆ ಇಳಿಸಿದಾಗ 30 ಸೆಂ.ಮೀ.ಯ ಸ್ಕೇಲ್ ಮುಗಿದರೂ ಸುತ್ತು ಮುಗಿಯಲಿಲ್ಲ. ಇನ್ನೂ ಎರಡು ಬೆರಳಷ್ಟು ಜಾಗ ಬೇಕಿತ್ತು, ಅಲ್ಲಿ ನನ್ನ ಕಾಫಿ ಲೋಟ ಇತ್ತು. ಎರಡನ್ನೂ ಗುಣಿಸಿ ನೋಡಬೇಕಂತೆ: 400 × 3.09 = 1236. ಇವನು ಆಡುತ್ತಿದ್ದದ್ದು 2472ರಲ್ಲಿ.

“ಅದಕ್ಕೇ ಹಾಗೆ ಓಡ್ತಿದ್ದದ್ದು” ಅಂದ. ನನಗೆ ಬೇಕಾದ ಪದ ಅಲ್ಲೇ ಇತ್ತು. ಗೆಳೆಯರ ಹತ್ತಿರ ತುಳುವಿನಲ್ಲೂ ‘ಪಾರುಂಡು’ ಅನ್ನುತ್ತಾನೆ, ಓಡುತ್ತದೆ ಎಂದೇ ಅರ್ಥ. ಹಾಗಾದರೆ ಸೆನ್ಸಿಟಿವಿಟಿಗೆ ‘ಓಟ’ ಎಂದರೇನು? ಓಟ ಜಾಸ್ತಿ, ಓಟ ಕಮ್ಮಿ, ಓಟ ಇಳಿಸು. ಬಾಯಿಗೆ ಸಲೀಸು. ಗುಣಿಸಿ ಬಂದ 1236ಕ್ಕೆ ‘ಒಟ್ಟು ಓಟ’. ನನ್ನನ್ನು ಕಾಡುವುದು ಒಂದೇ: ಇದೇ ಆಟದಲ್ಲಿ ಕಾಲಿನ ಓಟವೂ ಇದೆಯಲ್ಲ! ‘ಓಟ ಕಮ್ಮಿ ಮಾಡಿ’ ಎಂದರೆ ನಡೆದುಕೊಂಡು ಹೋಗಿ ಎಂದು ತಿಳಿದಾರೇ? ‘ಕೈಯೋಟ’ ಎಂದು ಬರೆದು ನೋಡಿದೆ, ಹುಡುಗನಿಗೆ ಹಿಡಿಸಿತು, ನನಗೆ ಅರ್ಧ ಮನಸ್ಸು. ‘ತಿರುವು’ ಆಗಬಹುದಿತ್ತು, ಆದರೆ ಆಗುಂಬೆ ಘಾಟಿ ನೆನಪಾಗುತ್ತದೆ.

ಇನ್ನು ‘ಸ್ಟ್ರೆಚ್ಡ್’. 4:3ರ ಚಿತ್ರವನ್ನು 16:9ರ ಪರದೆ ತುಂಬ ಎಳೆಯುವುದು. ಎದುರಾಳಿ ಮೂರನೇ ಒಂದರಷ್ಟು ದಪ್ಪ ಕಾಣುತ್ತಾನೆ, ಬದಿಯ ನೋಟ ಮಾತ್ರ ಸುಮಾರು 106 ಡಿಗ್ರಿಯಿಂದ 90ಕ್ಕೆ ಇಳಿಯುತ್ತದೆ. ಮೊದಲು ‘ಅಗಲಿಸಿದ ಪರದೆ’ ಎಂದು ಬರೆದಿದ್ದೆ. ವರ್ಷಗಟ್ಟಲೆ ‘ನಮ್ಮನ್ನಗಲಿದ’ ಎಂಬ ಶ್ರದ್ಧಾಂಜಲಿ ಪುಟ ಜೋಡಿಸಿದ ಕಣ್ಣಿಗೆ ಅದು ಸರಿಹೋಗಲಿಲ್ಲ. ‘ಚಾಚಿದ’ ಎಂದರೆ ಕೈಕಾಲು, ‘ಹಿಗ್ಗಿಸಿದ’ ಎಂದರೆ ನಾಲ್ಕೂ ಕಡೆ ದೊಡ್ಡದಾದಂತೆ. ಸದ್ಯ ‘ಅಡ್ಡಕ್ಕೆ ಎಳೆದ ಪರದೆ’ ಎಂದು ಇಟ್ಟಿದ್ದೇನೆ. ಉದ್ದವಾಯಿತು, ಆದರೆ ಕಂಡದ್ದನ್ನೇ ಹೇಳುತ್ತದೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ಹೊಲಿಗೆ, ನೇಯ್ಗೆ, ದೋಣಿ, ಯಾವುದಾದರೂ ಕಸುಬಿನಲ್ಲಿ ‘ಇಷ್ಟು ಕೈ ಆಡಿಸಿದರೆ ಅಷ್ಟು ಸರಿಯುತ್ತದೆ’ ಎಂಬುದಕ್ಕೆ ಒಂದೇ ಪದ ಬಳಕೆಯಲ್ಲಿದೆಯೇ? ಘಟ್ಟದ ಮೇಲಿನವರಿಗೆ ‘ಮೌಸಿನ ಓಟ’ ಕಿವಿಗೆ ಹೇಗೆ ಕೇಳುತ್ತದೆ? ಶನಿವಾರ ವಿಡಿಯೊ ಹಾಕುತ್ತಾನಂತೆ, ಅಷ್ಟರೊಳಗೆ ತಿಳಿಸಿದರೆ ತಿದ್ದಬಹುದು. ಅಂದ ಹಾಗೆ 400ಕ್ಕೆ ಇಳಿಸಿದ ಮೇಲೆ ಅವನಿಗೆ ಭುಜ ನೋವು ಶುರುವಾಗಿದೆ. ಮಣಿಕಟ್ಟಿನಲ್ಲಿ ಆಡುತ್ತಿದ್ದವನು ಈಗ ಇಡೀ ತೋಳು ಆಡಿಸಬೇಕಲ್ಲ.